ಮೂರು ವಾರದ ಕೊಳವೆ

ಕುವೈತಿನ ಮಿರ್ಕಾಬಿನ ಆ ಅಂಗಡಿಯ ಗಾಜಿನ ಹಿಂದೆ ಹೊಳೆಯುತ್ತ ಮಲಗಿದ್ದ ಹಿತ್ತಾಳೆ ಕೊಳವೆಯನ್ನು ನೋಡಿ ಹನ್ನೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿಯೂ ಒಳಗೆ ಕಾಲಿಟ್ಟಿರಲಿಲ್ಲ. ಬಂದವರೆಲ್ಲ ಬಂದದ್ದು ಫಕೀರಪ್ಪನ ಕೈಗುಣ ನಂಬಿ. ರಸ್ತೆ ಅಳೆಯುವ ಥಿಯೊಡೊಲೈಟು, ಮಟ್ಟ ನೋಡುವ ಲೆವೆಲ್ಲು ಬಿದ್ದು ಕೆಟ್ಟರೆ, ಮರಳು ಹೊಕ್ಕು ಮಂಕಾದರೆ, ಊರಿನ ಸರ್ವೇಯರುಗಳೆಲ್ಲ ಅಂಗಡಿಯ ಹಿಂದಿನ ಕಿಟಕಿಯಿಲ್ಲದ ಕೋಣೆಗೆ ಹೋಗಿ ಅವನ ಮುಂದೆ ನಿಲ್ಲುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೆ ಮಾತ್ರ ಕೊಳವೆಯ ಚಿತ್ರ.

ಫಕೀರಪ್ಪ ಗದಗ-ಬೆಟಗೇರಿಯ ನೇಕಾರರ ಮನೆಯವನು. ಮಗ್ಗ ಬಿಟ್ಟು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಅಳತೆಯ ಉಪಕರಣಗಳ ಕೆಲಸ ಕಲಿತು, ಎಪ್ಪತ್ತೊಂಬತ್ತರಲ್ಲಿ ಕುವೈತಿಗೆ ಬಂದ. ಹೆಂಡತಿ ಅನ್ನಪೂರ್ಣೆವ್ವ, ಮಗಳು ಕಾಂಚನಾ, ಖೈತಾನಿನಲ್ಲಿ ಎರಡು ಕೋಣೆಯ ಮನೆ. ಮಾತು ಕಡಿಮೆ. ಮೆಚ್ಚುಗೆ ಅದಕ್ಕಿಂತ ಕಡಿಮೆ. ವರ್ಕ್‌ಶಾಪಿನಿಂದ ಅವನು ತಂದ ಒಂದೇ ಚಟವೆಂದರೆ ಹಿಸ್ಟರಿ ಶೀಟು. ಯಾವ ಯಂತ್ರ ಕೈಗೆ ಬಂದರೂ ಅದಕ್ಕೊಂದು ಹಾಳೆ: ಬಂದ ದಿನ, ಕಂಡ ದೋಷ, ಮಾಡಿದ ದುರಸ್ತಿ, ಕೊನೆಗೆ ದುರಸ್ತಿ ಮಾಡಿದವನ ಸಹಿ. ಮನುಷ್ಯರಿಗೂ ಅವನು ಮನಸ್ಸಿನಲ್ಲೇ ಇಂಥ ಹಾಳೆ ತೆರೆದಿಡುತ್ತಿದ್ದ. ಅಂಗಡಿಯ ಮಾಲೀಕ, ಅವನ ವೀಸಾಕ್ಕೆ ಹೊಣೆಯಾದ ಕಫೀಲ್, ಆ ಹಾಳೆಯಲ್ಲಿ 'ಬೇಸಿಗೆಯಲ್ಲಿ ಸಿಗುವುದಿಲ್ಲ' ಎಂದು ದಾಖಲಾಗಿದ್ದ. ಮ್ಯಾನೇಜರ್ ಲಕ್ಷ್ಮೀನರಸಿಂಹನ ಹಾಳೆಯಲ್ಲಿ 'ಸದ್ದು ಜಾಸ್ತಿ' ಎಂದಷ್ಟೇ ಇತ್ತು.

ಲಕ್ಷ್ಮೀನರಸಿಂಹ ಮೈಸೂರಿನವರು. ಇಸ್ತ್ರಿ ಕೆಡದ ಬಿಳಿ ಅಂಗಿ, ನಿರರ್ಗಳ ಅರಬ್ಬಿ, ಮಾಲೀಕ ಕೆಮ್ಮಿದರೂ ಅದರಲ್ಲೊಂದು ಅರ್ಥ ಕಾಣುವ ಸ್ವಭಾವ. ಒಂಬತ್ತಡಿ ಉದ್ದದ ಆ ಕೊಳವೆ 'ಪ್ರಿನ್ಸ್ ಎಡ್ಗರ್' ಎಂಬ ಇಂಗ್ಲಿಷರ ಯುದ್ಧನೌಕೆಯದು. ಹಡಗನ್ನು ಗುಜರಿಗೆ ಹಾಕಿದ ಮೇಲೆ ಕೈಯಿಂದ ಕೈಗೆ ದಾಟಿ, ಕೊನೆಗೆ ಒಬ್ಬ ಬಿಳಿಯ ಎಣ್ಣೆ ಎಂಜಿನಿಯರನಿಂದ ಮಾಲೀಕನಿಗೆ ಬಂದಿತ್ತು. ಲಕ್ಷ್ಮೀನರಸಿಂಹ ಅದಕ್ಕೊಂದು ಹಲಗೆ ಬರೆಸಿ ನೇತುಹಾಕಿದ್ದರು, ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ. ಸಮುದ್ರವನ್ನೇ ನಡುಗಿಸಿದ ಹಡಗಂತೆ, ಶತ್ರುಗಳ ಎದೆ ನಡುಗಿಸಿದ ಹತ್ತು ಫಿರಂಗಿಗಳಂತೆ, ಆ ಫಿರಂಗಿಗಳ ಕಣ್ಣೇ ಈ ಕೊಳವೆಯಂತೆ.

ಕಣ್ಣು ಎಂಬುದೊಂದು ನಿಜ. ದೂರ ಅಳೆಯುವ ಸಾಧನ ಅದು. ಎರಡು ತುದಿಗೆ ಎರಡು ಕಿಟಕಿ, ನಡುವೆ ಕಣ್ಣಿಡುವ ಜಾಗ. ದೂರದ ಹಡಗನ್ನು ಅದರಲ್ಲಿ ನೋಡಿದರೆ ಹಡಗಿನ ಕಂಬ ನಡುವಿಗೆ ತುಂಡಾಗಿ, ಮೇಲಿನ ಅರ್ಧ ಒಂದು ಕಡೆ, ಕೆಳಗಿನ ಅರ್ಧ ಇನ್ನೊಂದು ಕಡೆ ಕಾಣುತ್ತದೆ. ತಿರುಪು ತಿರುಗಿಸುತ್ತ ಎರಡೂ ಅರ್ಧವನ್ನು ಕೂಡಿಸಿದರೆ ಪಕ್ಕದ ಪಟ್ಟಿಯಲ್ಲಿ ದೂರದ ಅಂಕಿ ಬಂದು ನಿಲ್ಲುತ್ತದೆ. ಅಷ್ಟು ದೂರಕ್ಕೆ ಫಿರಂಗಿಯ ಮೂತಿ ಎತ್ತಿದರಾಯಿತು.

ಉಳಿದದ್ದೆಲ್ಲ ಬೊಗಳೆ. ಅದು ಫಕೀರಪ್ಪನಿಗೆ ಗೊತ್ತಾದದ್ದು ಕೊಳವೆಯ ಮರದ ಪೆಟ್ಟಿಗೆಯ ತಳದಲ್ಲಿದ್ದ ರಟ್ಟಿನ ಪುಸ್ತಕದಿಂದ. ಅದೂ ಒಂದು ಹಿಸ್ಟರಿ ಶೀಟೇ. ಹಡಗಿನ ಮೆಕ್ಯಾನಿಕ್ಕುಗಳು ಒಬ್ಬರಾದ ಮೇಲೊಬ್ಬರು ಬರೆದು ಸಹಿ ಹಾಕಿದ್ದು. ಒಂದು ರಂಜಾನಿನ ತಿಂಗಳು ಅಂಗಡಿ ಬೇಗ ಮುಚ್ಚುತ್ತಿದ್ದಾಗ ನಿಘಂಟು ಇಟ್ಟುಕೊಂಡು ಅವನು ಅದನ್ನು ಪೂರ್ತಿ ಓದಿದ. ಹಡಗು ನೀರಿಗಿಳಿದದ್ದು ೧೯೦೯ರಲ್ಲಿ. ಹನ್ನೆರಡಂಗುಲ ಬಾಯಿಯ ಹತ್ತು ಫಿರಂಗಿಗಳು ಇದ್ದದ್ದು ಹೌದು. ಆದರೆ ನಡುಮಧ್ಯದ ನಾಲ್ಕನ್ನು ಅಡ್ಡಕ್ಕೆ ಹಾರಿಸಿದರೆ ಶತ್ರುವಿನ ಮಾತು ಹಾಗಿರಲಿ, ಸ್ವಂತ ಹಡಗಿನ ಹಲಗೆಗಳೇ ಎದ್ದು ಅಧಿಕಾರಿಗಳ ಊಟದ ಪಿಂಗಾಣಿಯೆಲ್ಲ ಪುಡಿಯಾಗುತ್ತಿತ್ತು. ಈ ಕೊಳವೆಯನ್ನು ಕೂರಿಸಿದ್ದು ಎತ್ತರದ ಕಂಬದ ಮೇಲೆ, ಆ ಕಂಬವನ್ನು ನಿಲ್ಲಿಸಿದ್ದು ಹೊಗೆಕೊಳವೆಯ ಬೆನ್ನಿಗೆ. ಹಡಗು ಜೋರಾಗಿ ಹೋದಷ್ಟೂ ಕಣ್ಣಿಗೆ ಮಸಿ. 'ಹೊಗೆಯಿಂದ ಏನೂ ಕಾಣಲಿಲ್ಲ' ಎಂಬ ಸಾಲು ಪುಸ್ತಕದಲ್ಲಿ ಇಪ್ಪತ್ತಮೂರು ಸಲ ಬಂದಿತ್ತು. ಇಂಥದ್ದನ್ನು ಕಟ್ಟಿದ ಮಹಾನುಭಾವರು ಪದಕ ಪಡೆದೇ ಸತ್ತಿರಬೇಕು.

ಸೇವೆಯ ಚರಿತ್ರೆಯೂ ಅಷ್ಟೇ ಘನ. ಎರಡು ಸಲ ಮರಳದಿಬ್ಬಕ್ಕೆ ಹತ್ತಿ ಕೂತದ್ದು. ಒಂದು ಸಲ ಬಂದರಿನ ಗೋಡೆಗೆ ಮೂತಿ ಜಜ್ಜಿಕೊಂಡದ್ದು. ರಾಜನ ಮುಂದೆ ಮೆರವಣಿಗೆ ಹೋಗಲು ನಾಲ್ಕು ಸಲ ಬಣ್ಣ ಬಳಿಸಿಕೊಂಡದ್ದು. ಇಡೀ ಆಯುಷ್ಯದಲ್ಲಿ ಒಂದೇ ಒಂದು ದೊಡ್ಡ ಕದನ, ಅದೂ ಮಂಜು ಮುಸುಕಿದ ಸಂಜೆ. ಅಂದಿನ ಪುಟದಲ್ಲಿ ಹಾರಿಸಿದ ಗುಂಡು ನಲವತ್ತೊಂದು ಎಂದಿತ್ತು, ತಗುಲಿದ ಗುಂಡು ಎಂಬಲ್ಲಿ ಒಂದು ದುಂಡು ಸೊನ್ನೆ. ಆರು ವರ್ಷದ ನಂತರ ಗುಜರಿ.

ಇಷ್ಟನ್ನು ಫಕೀರಪ್ಪ ಹೇಳಿದಾಗ ಲಕ್ಷ್ಮೀನರಸಿಂಹ ಹಲಗೆ ಬದಲಿಸಲಿಲ್ಲ. ಬದಲಿಗೆ ಕೊಳವೆಗೆ ದಿನವೂ ಪಾಲಿಶ್ ಹಾಕಿಸುವ ಹೊಸ ಪದ್ಧತಿ ತಂದರು.

"ಇತಿಹಾಸಕ್ಕ ದಿನಾ ಪಾಲಿಶ್ ಹಚ್ಚಬ್ಯಾಡ್ರಿ ಸರ್ರ," ಎಂದ ಫಕೀರಪ್ಪ. "ಅಕ್ಷರ ಅಳಿಸಿ ಹೊಕ್ಕಾವ."

ಆಗಿದ್ದೂ ಅದೇ. ವರ್ಷಗಟ್ಟಲೆ ಉಜ್ಜಿದ ಮೇಲೆ ಪಟ್ಟಿಯ ಪಕ್ಕದ ಹಿತ್ತಾಳೆಯಲ್ಲಿ ಕೊರೆದಿದ್ದ 'ಯಾರ್ಡ್ಸ್' ಎಂಬ ಇಂಗ್ಲಿಷ್ ಪದ ನಯವಾಗಿ ಮಾಯವಾಯಿತು. ಹಳೆಯ ಇಂಗ್ಲಿಷ್ ಹಡಗು ಮೀಟರಿನಲ್ಲಿ ಅಳೆಯುವುದಿಲ್ಲ, ಯಾರ್ಡಿನಲ್ಲಿ ಅಳೆಯುತ್ತದೆ. ಮುಂದೆ ಯಾರಾದರೂ ಬಿಚ್ಚಿದಾಗ ತಪ್ಪು ತಿಳಿಯದಿರಲೆಂದು ಫಕೀರಪ್ಪ ಒಂದು ಚೂರು ಕಾಗದದ ಮೇಲೆ ತನ್ನೂರಿನ ಪದ ಬರೆದು ಅಲ್ಲಿ ಅಂಟಿಸಿದ: 'ವಾರ'. ಬೆಟಗೇರಿಯ ಮಗ್ಗದ ಮನೆಗಳಲ್ಲಿ ಸೀರೆ ಅಳೆಯುವುದೇ ವಾರದಲ್ಲಿ. ಮೂರಡಿಗೆ ಒಂದು ವಾರ, ಒಂಬತ್ತಡಿಯ ಕೊಳವೆ ಮೂರು ವಾರ ಉದ್ದ. ಮೈಸೂರು ಕಡೆಯವರು ಇದನ್ನೇ ಗಜ ಅನ್ನುತ್ತಾರೆ. ಅವರಿಗೆ ವಾರವೆಂದರೆ ಏಳು ದಿನ, ಅಷ್ಟೇ. ಕಾಗದ ಅಂಟಿಸಿ ಆರು ವರ್ಷವಾಯಿತು. ಅದು ಅಲ್ಲಿರುವುದನ್ನೇ ಅವನು ಮರೆತುಬಿಟ್ಟ.

ತೊಂಬತ್ತರ ಆಗಸ್ಟ್ ಎರಡರಂದು ಇರಾಕಿನ ಟ್ಯಾಂಕುಗಳು ಊರೊಳಗೆ ಬಂದವು. ಮಾಲೀಕ ಎಂದಿನಂತೆ ಬೇಸಿಗೆ ಕಳೆಯಲು ಲಂಡನ್ನಿನಲ್ಲಿದ್ದ. ನೌಕರರ ಪಾಸ್‌ಪೋರ್ಟುಗಳು ಎಂದಿನಂತೆ ಅಂಗಡಿಯ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಪೆಟ್ಟಿಗೆಯ ಬೀಗದಕೈ ಲಕ್ಷ್ಮೀನರಸಿಂಹರ ಹತ್ತಿರ ಇತ್ತು, ತೆಗೆಯುವ ಧೈರ್ಯ ಇರಲಿಲ್ಲ. ಮಾಲೀಕನ ಅಪ್ಪಣೆ ಬರಲಿ ಎಂದು ಕಾದರು. ಲಂಡನ್ನಿನಿಂದ ಅಪ್ಪಣೆ ಹೇಗೆ ಬರುತ್ತದೆ, ಫೋನೇ ಸತ್ತಿದೆಯಲ್ಲ ಎಂದು ಕೇಳಿದರೆ ಕ್ರಮ ಅಂತ ಒಂದಿದೆ ಅನ್ನುತ್ತಿದ್ದರು. ಖೈತಾನಿನ ಶಾಲೆಯ ಮುಂದಿನಿಂದ ಬಸರಾಕ್ಕೆ ಬಸ್ಸುಗಳು ಹೊರಡಲು ಶುರುವಾಗಿತ್ತು. ಅಲ್ಲಿಂದ ಬಾಗ್ದಾದು, ಅಮ್ಮಾನು, ವಿಮಾನದಲ್ಲಿ ಬೊಂಬಾಯಿ. ನೆರೆಹೊರೆಯವರು ಒಬ್ಬೊಬ್ಬರಾಗಿ ಹತ್ತಿ ಹೋಗುತ್ತಿದ್ದರು, ಇವರ ಕ್ರಮ ಮಾತ್ರ ಇನ್ನೂ ಮುಗಿದಿರಲಿಲ್ಲ.

ಅಷ್ಟರಲ್ಲಿ ಗಾಜಿನೊಳಗಿನ ಹೊಳಪು ಕೊನೆಗೂ ಒಬ್ಬ ಗಿರಾಕಿಯನ್ನು ಸೆಳೆಯಿತು. ಇರಾಕಿನ ಒಬ್ಬ ಕ್ಯಾಪ್ಟನ್. ಮೀಸಲು ಪಡೆಯಿಂದ ಎಳೆದು ತಂದವನು, ಸಮುದ್ರದ ಕಡೆಯಿಂದ ಅಮೆರಿಕದ ಹಡಗು ಬಂದರೆ ತಡೆಯಲು ಸಾಲ್ಮಿಯಾದ ದಡದಲ್ಲಿ ಮೂರು ಫಿರಂಗಿ ಹೂಳಿಸಿ ಕೂತವನು. ಫಿರಂಗಿ ಬಂದಿದ್ದವು, ದೂರ ಅಳೆಯುವ ಸಾಧನ ಬಂದಿರಲಿಲ್ಲ. ನಕಾಶೆ ಅಂತ ಅವನ ಹತ್ತಿರ ಇದ್ದದ್ದು ಪೆಟ್ರೋಲ್ ಬಂಕಿನಲ್ಲಿ ಪುಕ್ಕಟೆ ಹಂಚುವ ಪ್ರವಾಸಿಗರ ಹಾಳೆ. ಅದರಲ್ಲಿ ಐಸ್‌ಕ್ರೀಮ್ ಅಂಗಡಿಗಳಿಗೆ ಗುರುತು ಇತ್ತು, ಆಳ-ಅಗಲಕ್ಕೆ ಇರಲಿಲ್ಲ. ಅವನು ಹಲಗೆಯ ಮೇಲಿನ ಅರಬ್ಬಿಯನ್ನು ನಿಂತು ಓದಿದ. ಸಮುದ್ರ ನಡುಗಿಸಿದ ಹಡಗಿನ ಕಣ್ಣು ಎಂಬುದನ್ನು ಅಕ್ಷರಶಃ ನಂಬಿದ. ಲಕ್ಷ್ಮೀನರಸಿಂಹರ ಸಾಹಿತ್ಯವನ್ನು ಮನಸಾರೆ ನಂಬಿದ ಮೊದಲ ಓದುಗ ಅವನೇ.

ಕಬ್ಬಿಣದ ಪೆಟ್ಟಿಗೆ ಆಗ ತೆರೆಯಿತು. ಬಂದೂಕು ಎದುರಿಗಿದ್ದರೆ ಕ್ರಮ ತಾನಾಗಿ ಮುಗಿಯುತ್ತದೆ. ಕ್ಯಾಪ್ಟನ್ ಫಕೀರಪ್ಪನದೂ ಲಕ್ಷ್ಮೀನರಸಿಂಹರದೂ ಎರಡು ಮನೆಯ ಪಾಸ್‌ಪೋರ್ಟುಗಳನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಮೂರು ವಾರದೊಳಗೆ ಕೊಳವೆಯನ್ನು ದಡದ ಮನೆಯೊಂದರ ತಾರಸಿಯ ಮೇಲೆ ಕೂರಿಸಿ ಸರಿಮಾಡಿ ಕೊಟ್ಟರೆ ಪಾಸ್‌ಪೋರ್ಟು ವಾಪಸ್ಸು, ಬಸ್ಸು ಹತ್ತಬಹುದು. ಏನಾದರೂ ಕಿತಾಪತಿ ಮಾಡಿದರೆ ಏನಾಗುತ್ತದೆಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಡೀಸೆಲ್ಲಿಗೆ ಸಕ್ಕರೆ ಬೆರೆಸಿದನೆಂದು ಪಕ್ಕದ ಬೀದಿಯ ಗ್ಯಾರೇಜಿನವನನ್ನು ಹಿಡಿದುಕೊಂಡು ಹೋದದ್ದನ್ನು ಎಲ್ಲರೂ ಕಂಡಿದ್ದರು. ಅವನು ಮರಳಿ ಬಂದಿರಲಿಲ್ಲ.

ಆ ಮಧ್ಯಾಹ್ನ ಅನ್ನಪೂರ್ಣೆವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗಂಡನ ಮುಂದೆ ಕೂತಳು. ಊರಿಂದ ತಂದ ಜೋಳದ ಹಿಟ್ಟು ತಳ ಕಂಡಿತ್ತು.

"ಅದನ್ನ ನೆಟ್ಟಗ ಮಾಡಿ ಕೊಟ್ರ ಯಾವ ತಾಯಿ ಮಕ್ಕಳರೆ ಸಾಯ್ತಾರ," ಎಂದಳು. "ಮಾಡದಿದ್ರ ನಾವು ಇಲ್ಲೇ. ಏನ್ ಮಾಡಾವ್ರು ನೀವು?"

ಫಕೀರಪ್ಪನಿಗೆ ಹೆದರಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅಸಹ್ಯವಾಗಿತ್ತು. ಕೆಟ್ಟ ಕೆಲಸ ಮಾಡಿ ಅವನಿಗೆ ಅಭ್ಯಾಸವಿರಲಿಲ್ಲ; ಬೇಕೆಂದೇ ಗಾಜು ಸರಿಸಿಡಲು ಕೈ ಒಪ್ಪುತ್ತಿರಲಿಲ್ಲ. ಅಂಥದ್ದನ್ನು ತಿಳಿದವನೊಬ್ಬ ನೋಡಿದರೆ ಸಿಕ್ಕಿಬೀಳುವುದೂ ಖಚಿತ. ಕೊನೆಗೆ ಅವನು ಹೇಳಿದ:

"ನೆಟ್ಟಗs ಮಾಡ್ತೀನಿ. ಆದ್ರ ಅದು ವಾರದಾಗ ಅಳೀತೈತಿ, ಮೀಟರಿನ್ಯಾಗ ಅಲ್ಲ ಅಂತ ನಾ ಹೇಳೂದಿಲ್ಲ."

ಲೆಕ್ಕ ಸರಳವಾಗಿತ್ತು. ಮೀಟರು ವಾರಕ್ಕಿಂತ ತುಸು ಉದ್ದ. ಹನ್ನೆರಡು ಸಾವಿರ ವಾರ ದೂರದ ಹಡಗನ್ನು ಹನ್ನೆರಡು ಸಾವಿರ ಮೀಟರೆಂದು ತಿಳಿದು ಹೊಡೆದರೆ ಗುಂಡು ಸಾವಿರ ಮೀಟರು ಆಚೆ ನೀರಿಗೆ ಬೀಳುತ್ತದೆ. ಯಂತ್ರ ಸುಳ್ಳು ಹೇಳುವುದಿಲ್ಲ, ಮೆಕ್ಯಾನಿಕ್ಕೂ ಹೇಳುವುದಿಲ್ಲ, ಕೇಳದವನದೇ ತಪ್ಪು. ಕಾಂಚನಾ ಪುಸ್ತಕದಿಂದ ತಲೆ ಎತ್ತಿ, "ವಿಲ್ ದೇ ಫೈಂಡ್ ಔಟ್, ಪಪ್ಪಾ?" ಎಂದು ಕೇಳಿದಳು. ಅನ್ನಪೂರ್ಣೆವ್ವ ಎದ್ದು ಉಳಿದ ರೊಟ್ಟಿ ತಟ್ಟಲು ಹೋದಳು.

ಒಂದೇ ಭಯ ಉಳಿದಿತ್ತು, ಲಕ್ಷ್ಮೀನರಸಿಂಹ. ದುಭಾಷಿಯಾಗಿ ಅವರೂ ದಿನವೂ ತಾರಸಿಗೆ ಬರುತ್ತಿದ್ದರು. ಮಾಲೀಕನ ಮುಂದೆ ಹೇಗೋ ಕ್ಯಾಪ್ಟನ್ನನ ಮುಂದೆಯೂ ಹಾಗೇ ನಿಲ್ಲುತ್ತಿದ್ದರು, ಅದೇ ಬಿಳಿ ಅಂಗಿ, ಅದೇ ನಗು. ಪ್ರಿನ್ಸ್ ಎಡ್ಗರಿನ ಪ್ರತಾಪವನ್ನು ಅವನಿಗೆ ಅರಬ್ಬಿಯಲ್ಲಿ ದಿನಕ್ಕೊಂದು ಅಧ್ಯಾಯದಂತೆ ಹೇಳಿದರು. ಸಿಪಾಯಿಗಳೂ ಬಾಯಿ ಬಿಟ್ಟು ಕೇಳಿದರು. ಈ ಮನುಷ್ಯ ಒಂದು ಲೋಟ ಚಹಾಕ್ಕೆ ತನ್ನನ್ನೂ ತನ್ನ ಹೆಂಡತಿ ಮಗಳನ್ನೂ ಒಪ್ಪಿಸಿಬಿಡುತ್ತಾನೆ ಎಂದು ಫಕೀರಪ್ಪನಿಗೆ ಅನುಮಾನವೇ ಇರಲಿಲ್ಲ. ಅವರಿಗೆ ಏನನ್ನೂ ಹೇಳಲಿಲ್ಲ. ತಲೆ ಬಗ್ಗಿಸಿ ಗಾಜು ಒರೆಸಿದ, ತಿರುಪಿಗೆ ಎಣ್ಣೆ ಬಿಟ್ಟ, ಎರಡು ಅರ್ಧ ಕೂದಲೆಳೆಯಷ್ಟೂ ತಪ್ಪದೆ ಕೂಡುವಂತೆ ಮಾಡಿದ. ನೀರಿಗಿಳಿದಂದಿನಿಂದ ಆ ಕೊಳವೆ ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರಲಿಕ್ಕಿಲ್ಲ. ಮುಂದೆ ಹೊಗೆಕೊಳವೆ ಇರಲಿಲ್ಲವಲ್ಲ.

ಮೂರನೆಯ ವಾರದ ಕೊನೆಗೆ ಪರೀಕ್ಷೆ. ದೂರದಲ್ಲಿ ಲಂಗರು ಹಾಕಿದ್ದ ಖಾಲಿ ಎಣ್ಣೆ ಹಡಗೊಂದನ್ನು ಕ್ಯಾಪ್ಟನ್ ತೋರಿಸಿದ. ಫಕೀರಪ್ಪ ತಿರುಪು ತಿರುಗಿಸಿದ, ಅಂಕಿ ಬಂತು. ಕ್ಯಾಪ್ಟನ್ ಪೆಟ್ರೋಲ್ ಬಂಕಿನ ನಕಾಶೆ ಬಿಚ್ಚಿ ನೀಲಿಯ ಮೇಲೆ ಹೆಬ್ಬೆರಳಿಟ್ಟು ಅಳೆದ. ಅವನ ಹೆಬ್ಬೆರಳಿನ ಅಗಲದಲ್ಲಿ ಒಂದು ಕಿಲೋಮೀಟರು ಏನು, ಎರಡು ಬೇಕಾದರೂ ಅಡಗುತ್ತಿತ್ತು. ತೃಪ್ತಿಯಿಂದ ತಲೆಯಾಡಿಸಿ ತಾನೂ ಒಮ್ಮೆ ನೋಡುತ್ತೇನೆಂದು ಕಣ್ಣಿಡಲು ಬಗ್ಗಿದ.

ಬಗ್ಗಿದವನು ಅಲ್ಲೇ ನಿಂತ. ಪಟ್ಟಿಯ ಪಕ್ಕದಲ್ಲಿ ಹಳದಿಗಟ್ಟಿದ ಕಾಗದ. ಅದರ ಮೇಲೆ ಎರಡು ದುಂಡನೆಯ ಅಕ್ಷರ.

ಫಕೀರಪ್ಪನಿಗೂ ಅದು ನೆನಪಾದದ್ದು ಆಗಲೇ. ಮೂರು ವಾರ ಕೊಳವೆಯ ಒಳಗಿನ ಒಂದೊಂದು ಗಾಜನ್ನೂ ತಡವಿದ್ದ. ಕಣ್ಣೆದುರಿಗಿನ ತನ್ನ ಕೈಬರಹ ಕಂಡಿರಲಿಲ್ಲ. ಕ್ಯಾಪ್ಟನ್ ಕಾಗದದ ಮೇಲೆ ಬೆರಳಿಟ್ಟ. ಅಳೆಯುವ ಪಟ್ಟಿಯ ಪಕ್ಕ ಬರೆದಿದೆ, ಯಾವ ಭಾಷೆ, ಏನದು ಎಂದು ಕೇಳಿದ. ಕೇಳಿದ್ದು ಫಕೀರಪ್ಪನನ್ನಲ್ಲ, ಲಕ್ಷ್ಮೀನರಸಿಂಹರನ್ನು.

ಲಕ್ಷ್ಮೀನರಸಿಂಹ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಓದಿದರು. ತಿರುಗಿ ಫಕೀರಪ್ಪನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಎಂದಿನ ಗತ್ತಿನಲ್ಲೇ ಅರಬ್ಬಿಯಲ್ಲಿ "ಉಸ್‌ಬೂ" ಎಂದರು. ವಾರ, ಏಳು ದಿನ. ನಮ್ಮ ಭಾಷೆ, ವಾರಕ್ಕೊಮ್ಮೆ ಇದನ್ನು ಒರೆಸಿ ಪಾಲಿಶ್ ಹಾಕಬೇಕೆಂದು ಮೆಕ್ಯಾನಿಕ್ ಗುರುತು ಮಾಡಿಕೊಂಡಿದ್ದಾನೆ. ಹಾಕದಿದ್ದರೆ ಸಮುದ್ರದ ಉಪ್ಪಿಗೆ ಹಿತ್ತಾಳೆ ಹಾಳಾಗುತ್ತದೆ ಎಂದು ಸೇರಿಸಿ, ಪಾಲಿಶ್ ಮಾಡುವ ಕ್ರಮದ ಬಗ್ಗೆ ಹತ್ತು ನಿಮಿಷ ಕೊರೆದರು. ಕ್ಯಾಪ್ಟನ್‌ಗೆ ಬೇಸರವಾಗುವ ತನಕ ಬಿಡಲಿಲ್ಲ. ಅವನು ಒಬ್ಬ ಸಿಪಾಯಿಯನ್ನು ಕರೆದು ಇನ್ನು ಮೇಲೆ ಪ್ರತಿ ಗುರುವಾರ ಪಾಲಿಶ್ ಎಂದು ಹುಕುಂ ಮಾಡಿದ. ಸಿಪಾಯಿ ಮೊದಲು ಮಾಡಿದ ಕೆಲಸವೆಂದರೆ ಉಜ್ಜಲು ಅಡ್ಡವೆಂದು ಆ ಕಾಗದವನ್ನು ಕಿತ್ತು ಎಸೆದದ್ದು. ಪಾಸ್‌ಪೋರ್ಟುಗಳು ಜೇಬಿನಿಂದ ಹೊರಬಂದವು. ಖಲಾಸ್, ಹೋಗಿ ಎಂದ ಕ್ಯಾಪ್ಟನ್.

ಜೋರ್ಡಾನಿನ ಗಡಿಯ ಬಯಲಿನಲ್ಲಿ, ಬಿಸಿಲಿಗೆ ಕಾದ ಗುಡಾರದಲ್ಲಿ, ನೀರಿನ ಸರದಿಗೆ ಕೂತಿದ್ದಾಗ ಫಕೀರಪ್ಪ ಕೊನೆಗೂ ಲಕ್ಷ್ಮೀನರಸಿಂಹರನ್ನು ಆ ಪದದ ಬಗ್ಗೆ ಕೇಳಿದ. ಬಸ್ಸಿನಲ್ಲಿ ಎರಡು ದಿನ ಅದನ್ನೇ ನೆನೆಯುತ್ತ ಬಂದಿದ್ದ. ಮೈಸೂರಿನವರಿಗೆ ಗದಗಿನ ಕಡೆಯ ವಾರ ಗೊತ್ತಿಲ್ಲದ್ದರಿಂದ ತಾನು ಬದುಕಿದೆ ಎಂದು ಹೆಂಡತಿಗೆ ಹೇಳಿ ನಕ್ಕಿದ್ದ ಕೂಡ. ಆದರೆ ತಿರುಗಿ ನೋಡಿದ ಆ ಒಂದು ನೋಟ ಚುಚ್ಚುತ್ತಿತ್ತು.

ಲಕ್ಷ್ಮೀನರಸಿಂಹರ ಬಿಳಿ ಅಂಗಿ ಈಗ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವರು ಕನ್ನಡಕ ಒರೆಸಿಕೊಂಡರು.

"ನಮ್ಮ ತಂದೆ ಮೈಸೂರಲ್ಲಿ ಸೀರೆ ಅಂಗಡಿ ಇಟ್ಟಿದ್ರು ಫಕೀರಪ್ಪನವರೇ," ಎಂದರು. "ನಿಮ್ಮ ಗದಗಿಂದಲೇ ಮಾಲು ಬರ್ತಿತ್ತು. ಪ್ರತಿ ಗಂಟಿನ ಮೇಲೂ ಎಷ್ಟು ವಾರ ಅಂತ ಬರೆದಿರೋರು. ನಾನು ಅಕ್ಷರ ಕಲಿತಿದ್ದೇ ಅದನ್ನ ಓದಿ."

ಫಕೀರಪ್ಪನಿಗೆ ನಾಚಿಕೆಯಾಯಿತು, ಕಣ್ಣೆತ್ತಲಾಗದಷ್ಟು. ಹನ್ನೊಂದು ವರ್ಷ ಒಂದೇ ಸೂರಿನಡಿ ಕೂತು ಒಬ್ಬ ಮನುಷ್ಯನ ಹಾಳೆಯಲ್ಲಿ ಎರಡೇ ಪದ ಬರೆದಿಟ್ಟುಕೊಂಡ ತನ್ನಂಥ ದಡ್ಡ ಕುಶಲಕರ್ಮಿ ಇನ್ನೊಬ್ಬನಿರಲಿಕ್ಕಿಲ್ಲ ಎನಿಸಿತು. ಲಕ್ಷ್ಮೀನರಸಿಂಹ ಮಾತ್ರ ಅಷ್ಟರಲ್ಲೇ ಪಕ್ಕದ ಗುಡಾರದ ಮಂಗಳೂರಿನವರಿಗೆ ಪ್ರಿನ್ಸ್ ಎಡ್ಗರಿನ ಹತ್ತು ಫಿರಂಗಿಗಳ ಕಥೆ ಶುರುಮಾಡಿದ್ದರು. ಸದ್ದಂತೂ ಜಾಸ್ತಿಯೇ, ಅದು ಸುಳ್ಳಲ್ಲ.

ಮುಂದಿನ ಫೆಬ್ರುವರಿಯಲ್ಲಿ ಗದಗಿನ ಚಹಾದಂಗಡಿಯಲ್ಲಿ ಕೂತು ಫಕೀರಪ್ಪ ಪತ್ರಿಕೆ ಓದಿದ. ಅಮೆರಿಕದ ಎರಡು ಹಳೆಯ ಯುದ್ಧನೌಕೆಗಳು ಕುವೈತಿನ ದಡದತ್ತ ಗುಂಡು ಹಾರಿಸಿದ್ದವು. ಈ ಜಾತಿಯ ಹಡಗುಗಳು ಇನ್ನೂ ಬದುಕಿವೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಕ್ಯಾಪ್ಟನ್ನನ ಮೂರು ಫಿರಂಗಿಗಳ ಗತಿ ಏನಾಯಿತೆಂದು ತಿಳಿದದ್ದು ಬೇಸಿಗೆಗೆ, ಫಕೀರಪ್ಪ ಕುವೈತಿಗೆ ವಾಪಸ್ಸು ಹೋದ ಮೇಲೆ. ಎಣ್ಣೆಬಾವಿಗಳು ಉರಿಯುತ್ತಿದ್ದವು, ನಡುಹಗಲಲ್ಲೂ ಕಾರುಗಳು ದೀಪ ಹಚ್ಚಿಕೊಂಡು ಓಡಾಡುತ್ತಿದ್ದವು. ಸಾಲ್ಮಿಯಾದ ಆ ತಾರಸಿಯ ಮೇಲೆ ಮಸಿ ಕುಳಿತ ಕೊಳವೆ ಬಿದ್ದಿತ್ತು, ಒಂದು ತುದಿ ಒಡೆದು. ಕೆಳಗೆ ಫಿರಂಗಿಗಳು ಹಾಗೇ ಇದ್ದವು, ಅವುಗಳ ಗುಂಡಿನ ಪೆಟ್ಟಿಗೆಗಳ ಮೊಳೆಯೂ ಕಿತ್ತಿರಲಿಲ್ಲ. ಬಿಟ್ಟು ಓಡಿದ್ದರು. ಪಾಲಿಶ್ ಮಾಡುವ ಬಟ್ಟೆ ಮಾತ್ರ ಮಡಿಚಿ ಇಟ್ಟಲ್ಲೇ ಇತ್ತು.

ಲಂಡನ್ನಿನಿಂದ ಮರಳಿದ ಮಾಲೀಕ ಕರೆಸಿಕೊಂಡದ್ದು ಫಕೀರಪ್ಪನನ್ನೊಬ್ಬನನ್ನೇ. ಲಕ್ಷ್ಮೀನರಸಿಂಹ ಇರಾಕಿನವರಿಗೆ ದುಭಾಷಿಯಾಗಿದ್ದನಂತೆ, ಅವರ ಜೊತೆ ಕೂತು ಚಹಾ ಕುಡಿದನಂತೆ, ಅಂಥವನಿಗೆ ತನ್ನ ಅಂಗಡಿಯಲ್ಲಿ ಜಾಗವಿಲ್ಲ. ತಂಪಾದ ಊರಿನಲ್ಲಿ ಏಳು ತಿಂಗಳು ಹೋಟೆಲ್ ಊಟ ಮಾಡಿ ಬಂದವನ ತೀರ್ಪು ಇದು. ಫಕೀರಪ್ಪ ತನಗೆ ಬರುವ ಮುರುಕು ಅರಬ್ಬಿಯಲ್ಲಿ ನಡೆದದ್ದೆಲ್ಲ ಹೇಳಿದ. ಎರಡು ಸಲ ಹೇಳಿದ. ಮೂರನೆಯ ಸಲ ಶುರುಮಾಡಿದಾಗ ಮಾಲೀಕ ಕೈ ಅಡ್ಡ ಹಿಡಿದು ಖಲಾಸ್ ಎಂದ.

ಕೊಳವೆ ಮತ್ತೆ ಗಾಜಿನ ಹಿಂದೆ ಬಂತು, ಹೊಸ ಹಲಗೆಯೊಂದಿಗೆ. ಎರಡು ಮಹಾಯುದ್ಧಗಳಲ್ಲಿ ಸೇವೆ ಸಲ್ಲಿಸಿದ್ದು ಎಂದು ಬರೆಸಲಾಯಿತು. ಪಕ್ಕದಲ್ಲಿ ಶೋಭೆಗಿರಲೆಂದು ಆ ರಟ್ಟಿನ ಪುಸ್ತಕವನ್ನೂ ತೆರೆದಿಡುವಂತೆ ಮಾಲೀಕ ಹೇಳಿದ. ಫಕೀರಪ್ಪ ಕೊನೆಯ ಖಾಲಿ ಪುಟದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ತುಂಬಿ, ಆ ಪುಟವನ್ನೇ ತೆರೆದು ಗಾಜಿನೊಳಗೆ ಇಟ್ಟ. ಮಾಲೀಕ ಒಮ್ಮೆ ಕಣ್ಣಾಡಿಸಿ, ಅಕ್ಷರ ಚೆನ್ನಾಗಿ ಕಾಣುತ್ತದೆ, ಹಾಗೇ ಇರಲಿ ಎಂದ. ಅದು ಬಹಳ ವರ್ಷ ಹಾಗೇ ಇತ್ತು.

ಎರಡನೆಯ ಕದನ: ಸಾಲ್ಮಿಯಾ ದಡ.
ಹಾರಿಸಿದ ಗುಂಡು: ಇಲ್ಲ. ತಗುಲಿದ ಗುಂಡು: ಇಲ್ಲ.
ಕಂಡ ದೋಷ: ಅಳತೆಯ ಗುರುತು ಮೆಕ್ಯಾನಿಕ್ ಮರೆತದ್ದು.
ದುರಸ್ತಿ ಮಾಡಿದವರು: ಲಕ್ಷ್ಮೀನರಸಿಂಹ, ಮೈಸೂರು.